ಮಟನ್‌ಗಿಂತ ಪೌಷ್ಟಿಕ

ಅಲ್ರಿ ಬೀಗರ, ಅಲ್ಲ! ಹಂಗ ಎದ್ದ ನಿಂತ್ರ ಹೆಂಗ? ಕರಜಗಿಯಿಂದ ಮುಂಜಾನಿ ಎಸ್‌ಟಿ ಹಿಡದ ಬಂದೀರಿ, ಮಗಳ ಟ್ರಂಕ ಬಾಗಲಾಗ ನೋಡಿದ ಕೂಡ್ಲೆ ಮಾರಿ ಹಿಂಗ ಸಣ್ಣದು ಮಾಡಿಕೊಂಡ್ರಿ. ಕೂಡ್ರಿ. ಚಹಾ ತೊಗೋರಿ. ಸಂಜಿ ಗಾಡಿಗೆ ಆಕೀನ ಕರಕೊಂಡ ಹೋಗ್ರಿ, ಯಾರ ಬ್ಯಾಡ ಅಂದಾರ? ಖರೆ ಯಾಕ ಕರಕೊಂಡ ಹೊಂಟೀರಿ ಅನ್ನೂದು ತಿಳಕೊಂಡ ಹೋಗ್ರಿ. ನಾಳೆ ನಿಮ್ಮೂರಾಗ ನಾಕ ಮಂದಿ ಕೂಡಿ, ಸೋಲಾಪುರದ ಸಾತಲಿಂಗಪ್ಪ ಸಾವಕಾರ ಬಂಗಾರದಂಥಾ ಸೊಸೀನ ಸುಮ್ಮಸುಮ್ಮನ ತವರಿಗೆ ದಬ್ಬಿದ ಅಂತ ಅನಬಾರದಲಾ...

ಪಾರ್ವತಿ! ಬೀಗರಿಗೆ ಇನ್ನೊಂದ ಕಪ್ ಚಹಾ ಕಳಸ! ...ಬಾಗಲ ಹಿಂದ ನಿಂದರಬ್ಯಾಡ, ಒಳಗ ಹೋಗು.

ಹೇಳ್ತೀನಿ ಕೇಳ್ರಿ. ನಿನ್ನಿ ಶ್ರಾವಣ ಸೋಮವಾರ. ಮಠದ ಅಯ್ಯಾರು ಪ್ರಸಾದಕ್ಕ ಬಂದಿದ್ರು. ಪಾದಪೂಜಿ ಆತು, ಪಂಕ್ತಿ ಕುಂತಿತು. ಅಯ್ಯಾರು, ನಾನು, ನಿಮ್ಮ ಅಳಿಯ ನಾಗಣ್ಣ, ನಮ್ಮ ಗಲ್ಲಿಯ ಚಾದರ ವ್ಯಾಪಾರದ ಮಂದಿ... ಎಲ್ಲಾ ಲಿಂಗವಂತರ ಮಂದಿ ನೋಡ್ರಿ, ಹೊರಗಿನವರು ಯಾರೂ ಇಲ್ಲ. ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಹುಗ್ಗಿ, ಎಲ್ಲಾ ಸರಳ ನಡದಿತ್ತು. ಅಷ್ಟರಾಗ ನಿಮ್ಮ ಮಗಳು ರತ್ನಾ ಒಂದ ಪಾತೇಲಿ ಹಿಡಕೊಂಡ ಬಂದ್ಲು. ಕರ‍್ರಗಿನ ರಸ್ಸಾ, ಮ್ಯಾಲ ಕೆಂಪ ಎಣ್ಣಿ ತೇಲಾಕತ್ತಿತ್ತು, ಅದರಾಗ ತುಂಡ... ಬದನಿಕಾಯಿ ಅಲ್ಲ, ಬಟಾಟಿ ಅಲ್ಲ. ತುಂಡ! ಏನವ್ವಾ ಇದು ಅಂದೆ. "ಸೋಯಾಬೀನ ವಡಿರಿ ಮಾವಾರ, ಹೊಸಾದು ಬಂದೈತಿ, ಮಹಿಳಾ ಮಂಡಳದಾಗ ಕಲತೀನಿ" ಅಂದ್ಲು, ನಕ್ಕೋತ ಅಂದ್ಲು!

ನಾ ಒಂದ ತುತ್ತ ಬಾಯಾಗ ಇಟ್ಟೆ. ತಾಟ ಸರಿಸಿ ಒದರಿದೆ, ಏಳ್ರಿ ಎಲ್ಲಾರೂ, ಇದು ಮಟನ್ ಐತಿ, ಅಂತ. ಅಯ್ಯಾರು ಹುಗ್ಗಿ ಹಂಗ ಬಿಟ್ಟ ಎದ್ದ ಹೋದ್ರು. ಪಂಕ್ತಿ ಒಡದ ಹೋತು. ಶ್ರಾವಣ ಸೋಮವಾರ, ಅದೂ ನನ್ನ ಮನ್ಯಾಗ!

ಹಾಂ? ಅಯ್ಯಾರೇನ್ ಅಂದ್ರು ಅಂತೀರಿ? ಅವರೇನ್ ಅಂತಾರ... ಅವರು ಆಗಲೇ ಒಂದ ವಾಟಿ ಮುಗಿಸಿದ್ರು. "ಚಲೋ ಆಗೈತವ್ವಾ, ಇನ್ನಷ್ಟ ಹಾಕು" ಅಂತ ಕೇಳಿದ್ರು ಸುದ್ದಾ. ಪಾಪ, ಅವರಿಗೇನ್ ಗೊತ್ತು ಅದರ ರುಚಿ! ನಾಗಣ್ಣ ಉಂಡ, ಗಲ್ಲಿಯವರು ಉಂಡ್ರು, ಒಬ್ಬರಿಗೂ ಗೊತ್ತಾಗಲಿಲ್ಲ. ಇಡೀ ಪಂಕ್ತ್ಯಾಗ ನಾ ಒಬ್ಬಾಂವನ ಹಿಡದೆ. ಒಂದ ತುತ್ತಿಗೆ!

ಯಾಕ ನಗತೀರಿ?

ನಗಲಿಲ್ಲೇನು... ಮೀಸಿ ಅಳ್ಳಾಡಿದಂಗಾತು. ಇರಲಿ, ಇರಲಿ.

ನೋಡ್ರಿ, ನಾ ಸಂಶೇದ ಮನಶಾ ಅಲ್ಲ. ಖರೆ ಕಣ್ಣ ಮುಚ್ಚಿಕೊಂಡ ಕೂಡಾಂವನೂ ಅಲ್ಲ. ಈ ಮಹಿಳಾ ಮಂಡಳ ಅಂದ್ರ ಯಾರದು? ಪುಣೆಯಿಂದ ಒಬ್ಬಾಕಿ ಟೀಚರ್ ಬಾಯಿ ಬಂದ್ಲಂತ, ಸ್ಟೋವ್ ಹಚ್ಚಿ ಅಡಿಗಿ ಮಾಡಿ ತೋರಿಸಿದ್ಲಂತ. ಆ ಬಾಯಿ ಎಂಥಾಕಿ, ಆಕಿ ಮನ್ಯಾಗ ಏನೇನ್ ಬೇಯತೈತಿ, ಯಾರ ನೋಡ್ಯಾರ? ಎಮರ್ಜೆನ್ಸಿ ಮುಗದಿದ್ದ ತಡಾ, ಎಲ್ಲಾರೂ ತಮಗ ತಿಳದಂಗ ಹೊಂಟಾರ. ಮತ್ತ ಕೇಳ್ರಿ. ಮೊನ್ನಿ ಮಧ್ಯಾಹ್ನ ನಿಮ್ಮ ಮಗಳು ಕೈಚೀಲಾ ತೊಗೊಂಡ ಹೊರಗ ಹೋಗಿದ್ಲು. ಎಲ್ಲಿಗೆ? "ಅಂಗಡಿಗೆ" ಅಂತ. ಬಂದಾಕಿ ನೆಟ್ಟಗ ಅಡಿಗಿ ಮನಿಗೆ ಹೋಗಿ ಬಾಗಲಾ ಅರ್ಧಾ ಮುಚ್ಚಿದ್ಲು. ಯಾಕ ಮುಚ್ಚಬೇಕರಿ? ಅತ್ತಿ ಪಾರ್ವತಿ ಒಳಗ ಹೋದ್ರ, "ಬ್ಯಾಡ್ರಿ, ನಾಳೆ ತಿಂದ ನೋಡ್ರಿ, ನಿಮಗೆಲ್ಲಾ ಗಮ್ಮತ್ತ ಐತಿ" ಅಂದ್ಲಂತ. ಗಮ್ಮತ್ತ!

ಪಾಕೀಟ? ಐತಿ, ಐತಿ, ತೋರಿಸ್ಯಾಳ. ಇಲ್ಲೇ ಐತಿ ನೋಡ್ರಿ. ನಿಮಗ ಮರಾಠಿ ಬರತೈತಿ, ನೀವ ಓದ್ರಿ. "ಮಟಣಾಪೇಕ್ಷಾ ಪೌಷ್ಟಿಕ." ಮಟನ್‌ಗಿಂತ ಪೌಷ್ಟಿಕ ಅಂತ! ಕಾಳಿನಿಂದ ಮಾಡಿದ್ದ ಇದ್ರ ಅದರ ಹೆಸರ ಯಾಕ ತೊಗೋಬೇಕು? ನಮ್ಮ ತೊಗರಿಬ್ಯಾಳಿ ಚೀಲದ ಮ್ಯಾಲ ಹಂಗ ಬರಿತಾರೇನು? ಮತ್ತ ಖಾಲಿ ಪಾಕೀಟ ಯಾರರೆ ತಂದು ತೋರಿಸಬಹುದು. ಒಳಗ ಏನಿತ್ತೋ, ಪಾತೇಲ್ಯಾಗ ಏನ್ ಬಿತ್ತೋ.

ಹೂಂ, ನಾಯಿಗೆ ಹಾಕಿ ನೋಡಿದೆ. ಗಲ್ಲಿ ನಾಯಿ. ಮೂಸಿತು... ಬಿಟ್ಟ ಹೋತು.

ಅದಕ್ಕ ಖಾರ ಹೆಚ್ಚಾಗಿರಬೇಕ್ರಿ. ಕಾಳಾ ಮಸಾಲಿ ನಾಯಿಗೆ ಆಗೂದಿಲ್ಲ. ನಾಯಿ ಮಾತ ಕೇಳಿ ಮನಿ ನಡಸಾಕ ಆಗತೈತೇನು?

ಗೊತ್ತೈತಿ ನನಗ, ರತ್ನಾ ನಿನ್ನಿಯಿಂದ ನೀರ ಸುದ್ದಾ ಮುಟ್ಟಿಲ್ಲ. ದೇವರ ಕೋಲಿ ಬಾಗಲಾಗ ಕುಂತಾಳ, "ಮಾವಾರ, ಲಿಂಗದ ಆಣಿ, ನಾ ಅಂಥಾದ್ದ ಕಣ್ಣಿಲೆ ನೋಡಿಲ್ಲ" ಅಂತಾಳ. ನಾಗಣ್ಣ ನನ್ನ ಜೋಡಿ ಮಾತ ಬಿಟ್ಟಾನ. ನನಗೇನ್ ಸಂಕಟ ಆಗೂದಿಲ್ಲೇನ್ರಿ? ಆಗತೈತಿ! ಆಕಿ ಈ ಮನಿಗೆ ಬಂದ ಮ್ಯಾಲ ಮನಿಗೆ ನಗಿ ಬಂದಿತ್ತು. ಖರೆ ನನ್ನ ನಾಲಿಗಿ ಸುಳ್ಳ ಹೇಳೂದಿಲ್ಲ ಬೀಗರ. ಅದ ರುಚಿ, ಏಕದಮ್ ಅದ! ಆ ಒಣಕೊಬ್ಬರಿ ಸುಟ್ಟ ಹಾಕೂದು, ಆ ಗಸಗಸಿ, ರಸ್ಸಾದಾಗ ತುಂಡ ಮುಳುಗಿ ಕಪ್ಪಗ ಆಗೂದು, ಹಲ್ಲಿಗೆ ಸಿಕ್ಕ ಕೂಡ್ಲೆ ಒಂದ ಜಗ್ಗ ಜಗ್ಗೂದು... ವಳಸಂಗ ಫಾಟಾದಾಗ ಹಂಗ...

ಏನಿಲ್ಲ. ವಳಸಂಗ ಫಾಟಾದಾಗ, ಹಾದಿ ಕವಲ ಒಡಿಯೂ ಕಡೆ, ಒಂದ ಖಾನಾವಳಿ ಐತಿ. ಅಲ್ಲಿ ವಾಸ್ನಿ ಬರತಿರತೈತಿ. ನಾ ಗುರುವಾರ ಅಕ್ಕಲಕೋಟಕ್ಕ ಸ್ವಾಮಿ ಮಹಾರಾಜರ ದರ್ಶನಕ್ಕ ಹೋಗತೀನಲಾ, ಎಷ್ಟೋ ವರ್ಷದ ಪರಿಪಾಠ ಅದು. ಬರಬೇಕಾದ್ರ ಅಲ್ಲಿ ಚಹಾಕ್ಕ ಇಳೀತೀನಿ. ಬರೇ ಚಹಾ. ನೀವೂ ಅದ ಹಾದ್ಯಾಗ ಬರ್ತೀರಿ, ವಾಸ್ನಿ ನಿಮಗೂ ಗೊತ್ತಿರಬೇಕು.

ಇಲ್ಲ? ನೀವು ಅಲ್ಲಿ ಇಳಿಯೂದಿಲ್ಲ? ...ಗಾಡಿ ಅಲ್ಲಿ ನಿಂದರೂದೂ ಇಲ್ಲ ಅಂತೀರೇನು? ನಿಂದರತೈತ್ರಿ, ಕೈ ಮಾಡಿದ್ರ ನಿಂದರಸತಾರ!

ಬೀಗರ, ಬೈಯ್ರಿ, ಜಗಳಾ ಮಾಡ್ರಿ, ನನ್ನ ಮಗಳು ಅಂಥಾಕಿ ಅಲ್ಲ ಅನ್ರಿ.

ಪಾತೇಲಿ? ಅಲ್ಲೇ ಕಟ್ಟಿ ಮ್ಯಾಲ ಐತಿ, ಬುಟ್ಟಿ ಬೋರಲ ಹಾಕಿ ಇಟ್ಟೀನಿ. ಯಾರೂ ಮುಟ್ಟಿಲ್ಲ. ನಿಮಗ ತೋರಿಸಬೇಕು ಅಂತನ ಇಟ್ಟೀನಿ. ನೋಡ್ರಿ, ಬೇಕಾರ ನೋಡ್ರಿ. ಪತ್ತೆ ಹಚ್ಚೂದು ಏನೂ ದೊಡ್ಡದಲ್ಲ. ಮಟನ್ ರಸ್ಸಾ ತಣ್ಣಗಾದ್ರ ಮ್ಯಾಲ ಬೆಳ್ಳಗ ಕೊಬ್ಬ ಹೆಪ್ಪ ಕಟ್ಟತೈತಿ, ಥೇಟ್ ತುಪ್ಪದಂಗ. ಬೆರಳಿಲೆ ಸರಿಸಬೇಕು ಹಂಗ ಕಟ್ಟತೈತಿ. ಮತ್ತ ತುಂಡ ಹರದ್ರ ಎಳಿ ಎಳಿ ಬರತಾವು, ಎಲ್ಲಾ ಒಂದ ಕಡೆ ಹೊಂಟಿರತಾವು, ಹಲ್ಲಿನ ಸಂದ್ಯಾಗ ಸಿಕ್ಕೊಂಡ್ರ ಕಡ್ಡಿ ಹಾಕಿದ್ರೂ ಬರೂದಿಲ್ಲ. ಕೈಗೆ ಹತ್ತಿದ ವಾಸ್ನಿ ಬರೇ ಸಾಬಣದಿಂದ ಹೋಗೂದಿಲ್ಲ, ನಿಂಬಿಹಣ್ಣ ತಿಕ್ಕಬೇಕು, ಮ್ಯಾಲ ಬಾಯಿಗೆ ಬಡೇಸೋಪ ಅಗೀಬೇಕು...

...ಮಂದಿ ಅಂತಾರಲಾ. ಬಾಜಾರದಾಗ ಕುಂತ ಮ್ಯಾಲ ನಾನಾ ನಮೂನಿ ಮಾತ ಕಿವಿಗೆ ಬೀಳತಾವು.

ಯಾಕ ಹಂಗ ನೋಡ್ತೀರಿ? ನನ್ನ ಬಾಯಿ ಯಾಕ ನೋಡ್ತೀರಿ? ಎಲಿ ಅಡಿಕಿ ಹಾಕೊಂಡೀನಿ, ಬರೇ ಎಲಿ ಅಡಿಕಿ!

ಹೂಂ, ಬುಟ್ಟಿ ತೆಗೀರಿ. ಮುಚ್ಚಳಾ ತೆಗೀರಿ. ...ಕೊಬ್ಬ? ಇಲ್ಲ... ಇಲ್ಲ ನೋಡ್ರಿ. ಕೆಂಪ ಎಣ್ಣಿ ಇದ್ದಂಗ ಐತಿ. ಸೆಕಿ ಬಾಳ ಐತಿ, ಅದಕ್ಕ ಕಟ್ಟಿಲ್ಲೇನೋ. ಶ್ರಾವಣದಾಗ ಸುದ್ದಾ ಈ ಸೋಲಾಪುರ... ಹರೀತೀರೇನು? ಹರೀರಿ. ಎಳಿ...? ಎಳಿ ಇಲ್ಲ. ಎಲ್ಲಾ ಕಡೆ ತೂತ ತೂತ ಐತಿ, ಹಿಂಡಿದ್ರ ನೀರ ಬರಾಕತ್ತೈತಿ. ಹಿಂಗ್ಯಾಕ...

ಬೀಗರ! ಏನ್ ಮಾಡ್ತೀರಿ! ಬಾಯಾಗ ಹಾಕೋಬ್ಯಾಡ್ರಿ, ಕೊರಳಾಗ ಲಿಂಗ ಐತಿ! ...ನುಂಗಿದ್ರಿ. ಮಗಳ ಮ್ಯಾಲ ಅಷ್ಟ ವಿಶ್ವಾಸ. ಅಷ್ಟ ವಿಶ್ವಾಸ ಐತೇನ್ರಿ ನಿಮಗ?

ಹೆಂಗೈತಿ? ಏನ್ ಅನಸ್ತೈತಿ? ...ಗೊತ್ತಾಗೂದಿಲ್ಲ? ಹೌದು, ನಿಮಗೆಲ್ಲಿಂದ ಗೊತ್ತಾಗಬೇಕು. ಅದನ್ನ ತಿಂದವಗನ ಗೊತ್ತಾಗಬೇಕು. ಈ ಮನ್ಯಾಗ ಯಾರಿಗೂ...

ನನಗ್ಯಾಕ ಕೊಡ್ತೀರಿ? ನನಗ ಬ್ಯಾಡ. ಕೈ ಹಿಂದಕ್ಕ ತೊಗೋರಿ ಬೀಗರ. ನಿನ್ನಿ ನಾ ನೋಡೀನಿ, ಒಂದ ತುತ್ತ ನೋಡೀನಿ. ಒಂದ ತುತ್ತಿಗೆ ತಪ್ಪ ಆಗಬಹುದಿತ್ತೇನು... ಹೇಳಾಕ ಬರೂದಿಲ್ಲ. ಅಂಜಿಕಿ ಒದರಿಸಿತು ನನ್ನ. ಏನ್ ಅಂಜಿಕಿ ಅಂತ ಕೇಳಬ್ಯಾಡ್ರಿ.

ಇಷ್ಟೊತ್ತು ಕೈ ಚಾಚಿ ಕುಂದರತೀರಲ್ಲ, ಕೈ ನೋಯೂದಿಲ್ಲೇನು ನಿಮಗ? ...ನಾ ತಿನ್ನದಿದ್ರ ಆಕಿ ಹೋಗಬೇಕು. ಸಂಜಿ ಗಾಡಿಗೆ ಆ ಹುಡುಗಿ ಹೋದ್ರ ಮತ್ತ ಬರೂದಿಲ್ಲ, ಸೋಲಾಪುರದಾಗ ಮಟನ್ ಬೇಯಿಸಿ ಬಿಟ್ಟ ಬಂದಾಕಿ ಅಂತ ಹೆಸರಾಗತೈತಿ. ತಿಳೀತೈತಿ, ನನಗೂ ತಿಳೀತೈತಿ. ತಿಂದು, ಹೌದೋ ಅಲ್ಲೋ ಹೇಳಿದ್ರ...

ಪಾರ್ವತಿ, ಒಳಗ ಹೋಗಂದಿದ್ನೆಲಾ. ಯಾಕ ಬಂದಿ ಹೊರಗ?

ಕೊಡ್ರಿ ಇತ್ತ.

...ಮೊದಲ ಹಲ್ಲಿಗೆ ಹೌದು ಅನಸ್ತೈತಿ. ಮೋಸ ಹೋಗೂದ ಅಲ್ಲೆ. ಮಸಾಲಿ ಅದ ಐತಿ. ಅಗದಂಗ ಅಗದಂಗ ರಸ್ಸಾ ಎಲ್ಲಾ ಬಿಡತೈತಿ, ಆಮ್ಯಾಲ ಬರೇ ಕಾಳಿನ ರುಚಿ. ಹಸಿ ಕಾಳ ಬಾಯಾಗ ಒಡದಂಗ. ಜಿಡ್ಡ ನಾಲಿಗಿಗೆ ಹತ್ತವಲ್ದು. ಎಲುವಿನ ಸವಿ ಇಲ್ಲ. ನುಂಗಿದ ಮ್ಯಾಲ ಗಂಟಲಾಗ ಏನೂ ಉಳಿಯೂದಿಲ್ಲ.

ಅಲ್ಲ. ಇದು ಮಟನ್ ಅಲ್ಲ ಬೀಗರ. ನಿಮ್ಮ ಮಗಳು ಖರೇನ ಹೇಳ್ಯಾಳ. ಆಕೀದ ಏನೂ ತಪ್ಪಿಲ್ಲ. ಅಯ್ಯಾರ ಕಡೆ ನಾನ ಹೋಗತೀನಿ, ಕಾಲ ಹಿಡದ ಹೇಳತೀನಿ. ರತ್ನಾನ ಕರೀರಿ, ಮೊದಲ ಒಂದ ತುತ್ತ ಉಣ್ಣಲಿ ಆಕಿ.

...ಬೀಗರ? ಪಾರ್ವತಿ?

ಹಿಂಗ ಇಬ್ಬರೂ ತೆಳಗ ನೋಡಿಕೋತ ನಿಂತ್ರ ಹೆಂಗ? ಮಾತಾಡ್ರಿ. ನಿನಗ ಹೆಂಗ ಗೊತ್ತಾತು ಅಂತ ಒಬ್ಬರರೆ ಕೇಳ್ರಲಾ!