ಗಾಣದ ಮನೆಗೆ ಓಡಿದ ಸೇಟು

ಪ್ರಿಯರೇ, ಕಡಲ ತೀರದ ಒಂದು ಊರು. ಅಲ್ಲಿ ಯೆಹೂದ್ಯರ ಮನೆಗಳು ಕೆಲವೇ ಕೆಲವು. ಅವರಲ್ಲಿ ಒಬ್ಬ ಶ್ರೀಮಂತ. ಹಸಾಜಿ ಸೇಟು ಎಂದುಕೊಳ್ಳೋಣ. ಊರಿನ ಪ್ರಾರ್ಥನಾಲಯ ಕಟ್ಟಿಸಿದವನೇ ಅವನು.

ಅವರಿಗೆ ದಿನ ಶುರುವಾಗುವುದು ಬೆಳಗ್ಗೆ ಅಲ್ಲ, ನೋಡಿ, ಹೊತ್ತು ಮುಳುಗಿದ ಮೇಲೆ! ನಕ್ಷತ್ರ ಕಾಣುವಾಗ ಸಂಜೆಯ ಪ್ರಾರ್ಥನೆ. ಅದರಲ್ಲಿ ತೀರಿಕೊಂಡ ತಂದೆತಾಯಿಗಾಗಿ ಮಗ ನಿಂತು ಹೇಳುವ ಒಂದು ಸ್ತುತಿ ಇದೆ. ಒಬ್ಬನೇ ಹೇಳುವಂತಿಲ್ಲ. ಹತ್ತು ಗಂಡಸರು ಸೇರಲೇಬೇಕು. ಒಂಬತ್ತು? ಸಾಲದು!

ಅಂದು ಹಸಾಜಿಯ ತಾಯಿ ತೀರಿ ವರ್ಷ ತುಂಬಿತ್ತು. ಎಣಿಸಿದರೆ ಒಂಬತ್ತೇ ಜನ. ಅವರಲ್ಲಿ ಇಬ್ಬರು ದೋಣಿಯವರು. "ಸೇಟರೆ, ನೀರು ಇಳಿಯೋ ಮುಂಚೆ ದೋಣಿ ಬಿಡ್ಬೇಕು. ಅರ್ಧ ಗಂಟೆ ಕಾಯ್ತೀವಿ, ಅಷ್ಟೇ."

"ಎಲೋಜಿ ಎಲ್ಲಿ? ಆಳು ಕಳಿಸಿ!" ಎಂದ ಹಸಾಜಿ.

"ಆಳು ಹೋದ್ರೆ ಅವನು ಬರಲ್ಲ" ಎಂದ ಒಬ್ಬ ಮುದುಕ. "ನೀವೇ ಅಲ್ವಾ ಅವನನ್ನ ಹೊರಗೆ ನಿಲ್ಸಿದ್ದು?"

ಎಲೋಜಿ ಎಣ್ಣೆ ಗಾಣದವನು. ಎರಡು ತಿಂಗಳ ಹಿಂದೆ ಕೆಲಸದ ಬಟ್ಟೆಯಲ್ಲೇ ಪ್ರಾರ್ಥನೆಗೆ ಬಂದಿದ್ದ. "ಎಣ್ಣೆ ವಾಸನೆ ನಾರ್ತೀಯ, ಬಾಗಿಲಾಚೆ ನಿಲ್ಲು" ಎಂದಿದ್ದ ಹಸಾಜಿ, ಎಲ್ಲರೆದುರು. ಅದು ಹಸಾಜಿಗೆ ನೆನಪೇ ಇರಲಿಲ್ಲ! ಅಂದವನು ಮರೆತ. ಅನ್ನಿಸಿಕೊಂಡವನು ಮರೆಯುತ್ತಾನೆಯೇ?

ಹಸಾಜಿ ಹೊರಟ. ನಡೆದಲ್ಲ, ಓಡಿ! ಗಾಣದಲ್ಲಿ ಎತ್ತು ಸುತ್ತುತ್ತಿತ್ತು.

"ಎಲೋಜಿ, ಇವತ್ತು ಅವ್ವನ ದಿನ. ಬಾರಪ್ಪ."

"ಎತ್ತು ಬಿಚ್ಬೇಕು, ಮೀಯಬೇಕು. ಇಲ್ಲಾಂದ್ರೆ ನಿಮ್ಮ ಮೂಗಿಗೆ ಕಷ್ಟ, ಸೇಟರೆ."

ಹಸಾಜಿಯ ಮುಖ ಕೆಂಪಾಯಿತು. ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ. "ತಪ್ಪು ಮಾಡ್ದೆ ಎಲೋಜಿ. ಇವತ್ತು ನೀನು ಬೇಕಾಗಿರದಿದ್ರೂ ನಾನು ಬಂದು ಇದನ್ನ ಹೇಳ್ಬೇಕಿತ್ತು."

ಎಲೋಜಿ ಎತ್ತನ್ನು ನಿಲ್ಲಿಸಿದ. "ನನ್ನ ಹೆಂಡ್ತಿ ಬಾಣಂತನ ಮಾಡಿದ್ದು ನಿಮ್ಮವ್ವ. ನೀವು ಕರೀದಿದ್ರೂ ನಾನು ಬರ್ಬೇಕಿತ್ತು. ನಿಮ್ಮ ಮೇಲಿನ ಸಿಟ್ಟಲ್ಲಿ ಆ ತಾಯೀನೇ ಮರ್ತೆ."

ಆಮೇಲೆ ಏನಾಯಿತು ಗೊತ್ತೇ? ಸೇಟು ತಾನೇ ಎತ್ತಿನ ಹಗ್ಗ ಬಿಚ್ಚಿದ! ಬಿಳಿ ಅಂಗಿಯ ತುಂಬ ಎಣ್ಣೆ. ಇಬ್ಬರೂ ಓಡಿದರು, ಬೀದಿಯ ಉದ್ದಕ್ಕೂ ಓಡಿದರು. ದೋಣಿಯವರು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು. "ನಿಲ್ಲಿ! ಹತ್ತಾಯ್ತು! ಹತ್ತಾಯ್ತು!"

ಹಸಾಜಿ ಎಲೋಜಿಯ ಕೈ ಹಿಡಿದು ಮುಂದಿನ ಸಾಲಿಗೆ ಕರೆತಂದ. ತಾಯಿಗಾಗಿ ಸ್ತುತಿ ಹೇಳಿದ. ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದವನು ಎಲೋಜಿ!

ಈಗ ನಿಮ್ಮ ವಿಷಯ. ಬಲಗಡೆ ಕೂತವರೇ, ಎಡಗಡೆ ಕೂತ ನಿಮ್ಮ ಷಡ್ಡಕನ ಜೊತೆ ಮಾತಾಡಿ ಎಷ್ಟು ತಿಂಗಳಾಯಿತು? ಅಮ್ಮಾ, ಓರಗಿತ್ತಿ ಹಾಡುವಾಗ ನೀವು ಬಾಯಿ ಮುಚ್ಚಿಕೊಳ್ಳುವುದನ್ನು ನಾನು ನೋಡಿಲ್ಲವೇ? ಯಾರ ಕೈಯಲ್ಲೂ ಹೇಳಿಕಳಿಸಬೇಡಿ. ಫೋನಿನಲ್ಲಿ ಕೈಮುಗಿಯುವ ಚಿತ್ರ ಹಾಕಬೇಡಿ. ನೀವೇ ಹೋಗಿ. "ತಪ್ಪಾಯಿತು" ಎನ್ನುವುದನ್ನು ಮೊದಲು ಹೇಳಿ, ಕಾರಣಗಳು ಆಮೇಲೆ. ಬಾಗಿಲು ತೆರೆಯಲಿಲ್ಲವೇ? ನಾಳೆ ಮತ್ತೆ ಹೋಗಿ.

ಏಳಿ, ಪ್ರಾರ್ಥಿಸೋಣ... ಇಲ್ಲ, ಇರಿ. ನೀವು ಮಾತು ಬಿಟ್ಟವರು ಇಲ್ಲೇ ಇದ್ದಾರಲ್ಲ! ಮೊದಲು ಅವರ ಹತ್ತಿರ ಹೋಗಿ ಬನ್ನಿ. ನಾನು ಕಾಯುತ್ತೇನೆ.