ಎಮೋಸಿಯ ರಕ್ತದ ತಿಳಿ

ಹೆಸರು ಕೆಲೆರಾ, ಎಮೋಸಿ ತುಇಲೊಮಾ ಅವರ ಹೆಂಡತಿ, ವಯಸ್ಸು ಮೂವತ್ತಾರು, ಕಸುಬು ಚಾಪೆ ಹೆಣೆಯುವುದು, ವಾಸ ಫಿಜಿಯ ವಾತುಸೆವಾ ದ್ವೀಪದ ನಸಾಲಿ ಹಳ್ಳಿ. ನಾನು ಈ ದಿನ ಬೆಳಿಗ್ಗೆ ಲೆವುಕಾ ಪೊಲೀಸ್ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡ ಕೊಬ್ಬರಿ ಸಾಗಿಸುವ ಹಡಗಿನಲ್ಲಿ ಕೆಲಸಕ್ಕಿದ್ದರು. ಕಳೆದ ಡಿಸೆಂಬರಿನಲ್ಲಿ ಸುವಾದಲ್ಲಿ ಅವರಿಗೆ ದಡಾರ ಬಂದು ವಾಸಿಯಾಯಿತು. ಫೆಬ್ರವರಿಯಲ್ಲಿ ಅದೇ ಕಾಯಿಲೆ ನಮ್ಮ ಹಳ್ಳಿಗೂ ಬಂತು. ನಮ್ಮಲ್ಲಿ ಹಿಂದೆ ಯಾರಿಗೂ ಅದು ಬಂದಿರಲಿಲ್ಲ. ಒಂದೇ ವಾರದಲ್ಲಿ ಇಬ್ಬರು ಮಕ್ಕಳು ತೀರಿಕೊಂಡರು.

ಆಗ ಡಾಕ್ಟರ್ ಮರ್ಚಿಸನ್ ಲಾಂಚಿನಲ್ಲಿ ಬಂದರು. ಅವರು ರಕ್ತದ ಮೇಲೆ ಸಂಶೋಧನೆ ಮಾಡುವವರು. ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟರೆ ಒಣಹುಲ್ಲಿನ ಬಣ್ಣದ ತಿಳಿ ಮೇಲೆ ನಿಲ್ಲುತ್ತದೆ, ದಡಾರದಿಂದ ಎದ್ದವನ ತಿಳಿಯಲ್ಲಿ ಆ ಕಾಯಿಲೆಯನ್ನು ತಡೆಯುವ ಅಂಶ ಇರುತ್ತದೆ, ದದ್ದು ಏಳುವ ಮೊದಲೇ ಚುಚ್ಚಿದರೆ ಮಗು ಉಳಿಯುತ್ತದೆ ಎಂದು ಊರವರಿಗೆ ವಿವರಿಸಿದರು. ನನ್ನ ಗಂಡ ಮರುಮಾತಾಡದೆ ತೋಳು ಚಾಚಿದರು. ಅವರ ರಕ್ತದ ತಿಳಿಯನ್ನು ಹನ್ನೊಂದು ಮಕ್ಕಳಿಗೆ ಚುಚ್ಚಲಾಯಿತು. ಆ ಮಕ್ಕಳಲ್ಲಿ ಒಬ್ಬರಿಗೂ ದಡಾರ ಬರಲಿಲ್ಲ. ಜನ ನಮ್ಮ ಮನೆಗೆ ಗೆಣಸು, ಮೀನು ತಂದಿಟ್ಟು ಹೋಗುತ್ತಿದ್ದರು. ಡಾಕ್ಟರು ಮತ್ತೆ ಮತ್ತೆ ಬಂದು ರಕ್ತ ತೆಗೆದುಕೊಂಡು ಹೋದರು. ನನ್ನ ಗಂಡ ಸೊರಗಿದರು, ತೆಂಗಿನ ಮರ ಹತ್ತಿದರೆ ಉಸಿರು ಕಟ್ಟುತ್ತಿತ್ತು. ಸಾಕು ಎನ್ನಿ ಎಂದು ನಾನು ಹೇಳಿದೆ, ಅವರು ಕೇಳಲಿಲ್ಲ.

ಮೇ ತಿಂಗಳಲ್ಲಿ ಆ ಹನ್ನೊಂದು ಮಕ್ಕಳ ಪೈಕಿ ನಾಲ್ವರ ಕಣ್ಣುಗಳು ಹಳದಿಯಾದವು. ನನ್ನ ಗಂಡನ ಚಿಕ್ಕಪ್ಪನ ಮಗ ವೈಸಾಲೆಯ ಮಗ ನೆತಾನಿ ಕಾಮಾಲೆಯಿಂದ ತೀರಿಕೊಂಡ. ಅವನಿಗೆ ಆರು ವರ್ಷ. ಡಾಕ್ಟರು ಬಂದು ನೋಡಿ, ದಡಾರವನ್ನು ತಡೆದ ತಿಳಿಯಲ್ಲೇ ಕಾಮಾಲೆಯೂ ಇದ್ದಿರಬೇಕು, ಎಮೋಸಿಗೆ ಅದರಿಂದ ಏನೂ ಆಗಿಲ್ಲ, ಎರಡನ್ನೂ ಬೇರ್ಪಡಿಸುವ ದಾರಿ ಇನ್ನೂ ಗೊತ್ತಿಲ್ಲ ಎಂದರು. ಅಂದಿನಿಂದ ನಮ್ಮ ಮನೆಯ ಮುಂದೆ ಹಾದು ಹೋಗುವವರು ಮಕ್ಕಳನ್ನು ಆಚೆ ಬದಿಗೆ ಎಳೆದುಕೊಳ್ಳುತ್ತಿದ್ದರು.

ನನ್ನ ಗಂಡ, ಕ್ಷಮೆ ಕೇಳುವಾಗ ನಮ್ಮಲ್ಲಿ ಕೊಡುವ ತಿಮಿಂಗಿಲದ ಹಲ್ಲು ಹಿಡಿದುಕೊಂಡು ವೈಸಾಲೆಯ ಮನೆಗೆ ಹೋಗಿ, ನೆಲದ ಮೇಲೆ ಕುಳಿತು ಕ್ಷಮೆ ಕೇಳಿದರು. ವೈಸಾಲೆ ಹಲ್ಲನ್ನು ಸ್ವೀಕರಿಸಿದ. ಜೂನ್ ಎರಡನೇ ವಾರ ಅವನೇ ಬಂದು ಮೀನಿಗೆ ಹೋಗೋಣ ಎಂದು ಕರೆದ. ಕೋಪ ಇಳಿಯಿತು ಎಂದು ನನ್ನ ಗಂಡನಿಗೆ ಸಂತೋಷವಾಯಿತು. ಇಬ್ಬರೇ ಹೋದರು. ಮಧ್ಯಾಹ್ನ ವೈಸಾಲೆ ಒಬ್ಬನೇ ಮರಳಿದ. ಹವಳದ ದಿಬ್ಬದ ಆಚೆ ಮೀನು ಹಿಡಿಯಲು ಮುಳುಗು ಹಾಕಿದ ನನ್ನ ಗಂಡ ಮೇಲೆ ಬರಲಿಲ್ಲ ಎಂದ. ಆ ದಿನ ಸಮುದ್ರ ಶಾಂತವಾಗಿತ್ತು. ಊರವರು ಹುಡುಕಿದರೂ ದೇಹ ಸಿಗಲಿಲ್ಲ.

ಆಗಸ್ಟ್ ಕೊನೆಯಲ್ಲಿ ಇನ್ನೊಂದು ಹಡಗಿನವರಿಂದ ದಡಾರ ಮತ್ತೆ ಬಂತು. ವೈಸಾಲೆಯ ಹೆಂಡತಿಗೆ ದದ್ದು ಎದ್ದಿತು. ಅವರಿಗೆ ಎಂಟು ತಿಂಗಳ ಮಗಳಿದ್ದಾಳೆ, ಹೆಸರು ವಿಕಾ. ನಮ್ಮ ಹಳ್ಳಿಯ ನರ್ಸ್ ಸೆರೆಯಾನಾ ನನ್ನ ತಂಗಿ. ಡಾಕ್ಟರು ಪರೀಕ್ಷೆಗೆಂದು ಇಟ್ಟಿದ್ದ ಎಮೋಸಿಯ ತಿಳಿಯ ಒಂದು ಸೀಸೆ ಅವಳ ಬಳಿ ಉಳಿದಿತ್ತು. ಅದನ್ನು ಯಾರಿಗೂ ಚುಚ್ಚಬಾರದೆಂದು ಅಪ್ಪಣೆಯಾಗಿತ್ತು. ವೈಸಾಲೆ ಎಷ್ಟು ಬೇಡಿದರೂ ಅವಳು ಒಪ್ಪದೆ, ಅದು ಭಾವನ ರಕ್ತ, ಅಕ್ಕನನ್ನು ಕೇಳು ಎಂದಳು.

ಅವನು ಮಗುವನ್ನು ಎತ್ತಿಕೊಂಡು ನನ್ನ ಬಾಗಿಲಿಗೆ ಬಂದ. ಒಳಗೆ ಕರೆದರೂ ಬರಲಿಲ್ಲ.

“ಅತ್ತಿಗೆ, ಅಣ್ಣಂದು ಒಂದು ಸೀಸೆ ಉಳಿದಿದೆಯಂತೆ. ನೀವು ಹೂಂ ಅಂದ್ರೆ ಸೆರೆಯಾನಾ ಕೊಡ್ತಾಳೆ.”

“ನೆತಾನಿಗೆ ಆಗಿದ್ದು ಇವಳಿಗೂ ಆಗಬಹುದು, ಗೊತ್ತು ತಾನೆ?”

“ಗೊತ್ತು. ಆದ್ರೆ ಕೊಡದೆ ಇದ್ರೆ ಇವತ್ತೇ ಕಳ್ಕೊಂಡ ಹಾಗೆ.”

“ನನ್ನ ಗಂಡ ಎಲ್ಲಿ, ವೈಸಾಲೆ?”

ಅವನು ಮಗುವನ್ನು ನನ್ನ ಹತ್ತಿರಕ್ಕೆ ತಂದ. ಮಗು ನನ್ನ ಮಣಿಸರವನ್ನು ಹಿಡಿದುಕೊಂಡಿತ್ತು. ಸರವನ್ನು ಬಿಡಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ನಾನೇ ಅವರ ಜೊತೆ ಹೋಗಿ, ಕೊಡು ಎಂದು ತಂಗಿಗೆ ಹೇಳಿದೆ. ತಪ್ಪಿದ್ದರೆ ಅದು ನನ್ನದು, ಸೆರೆಯಾನಾಳದಲ್ಲ.

ಮಗುವಿಗೆ ದಡಾರ ಬರಲಿಲ್ಲ. ಮೊನ್ನೆ ಮಧ್ಯಾಹ್ನ ನಾನು ತೊರೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ ವೈಸಾಲೆ ಬಂದು ಕಲ್ಲಿನ ಮೇಲೆ ಕುಳಿತ. ನಾನು ಏನನ್ನೂ ಕೇಳಿರಲಿಲ್ಲ.

“ಅಣ್ಣ ಮೇಲೆ ಬಂದಿದ್ದ, ಅತ್ತಿಗೆ. ತುಂಬಾ ಸುಸ್ತಾಗಿದ್ದ. ದೋಣಿ ಹತ್ತೋಕೆ ಅಂತ ಕೈ ಚಾಚಿದ. ನಾನು ಹುಟ್ಟು ಹಾಕ್ಕೊಂಡು ಬಂದ್ಬಿಟ್ಟೆ.”

ಅವರು ಕೂಗಿದರೇ ಎಂದು ಕೇಳಿದೆ. ಮೊದಲು ನಕ್ಕರು, ತಮಾಷೆ ಎಂದುಕೊಂಡಿರಬೇಕು, ಆಮೇಲೆ ಕೂಗಿದರು ಎಂದ. ನಾನು ಒಗೆಯುತ್ತಿದ್ದ ಬಟ್ಟೆ ನೀರಿನಲ್ಲಿ ತೇಲಿಹೋಯಿತು. ಅವನೇ ಇಳಿದು ಹಿಡಿದು ತಂದುಕೊಟ್ಟ.

ಈ ದಿನ ಅವನು ನನ್ನ ಜೊತೆ ಅದೇ ದೋಣಿಯಲ್ಲಿ ಬಂದಿದ್ದಾನೆ. ಈಗ ಠಾಣೆಯ ಹೊರಗೆ ಜಗಲಿಯ ಮೇಲೆ ಕುಳಿತಿದ್ದಾನೆ. ಅವನ ಮೇಲೆ ಕಾನೂನಿನ ಪ್ರಕಾರ ಏನು ಮಾಡಬೇಕೋ ಮಾಡಬೇಕಾಗಿ ಕೋರುತ್ತೇನೆ. ವಿಕಾಳ ಕಣ್ಣು ಹಳದಿಯಾಗುವುದಿದ್ದರೆ ಡಿಸೆಂಬರಿನೊಳಗೆ ತಿಳಿಯುತ್ತದೆ ಎಂದು ಸೆರೆಯಾನಾ ಹೇಳಿದ್ದಾಳೆ. ವೈಸಾಲೆಯ ತಮ್ಮಂದಿರು ಈಗಲೇ ದಿನಾ ಸಂಜೆ ನನ್ನ ಮನೆಯ ಎದುರು ಬಂದು ಕೂರುತ್ತಾರೆ. ಮಗುವಿಗೆ ಕಾಮಾಲೆ ಬಂದರೆ ನನ್ನ ಮೇಲೆ ಕೈ ಮಾಡುತ್ತಾರೆಂದು ನನಗೆ ಭಯವಿದೆ. ಡಿಸೆಂಬರ್ ಮುಗಿಯುವವರೆಗೆ ನಮ್ಮ ಹಳ್ಳಿಯಲ್ಲಿ ಒಬ್ಬ ಕಾನ್‌ಸ್ಟೇಬಲ್‌ರನ್ನು ಇರಿಸಬೇಕಾಗಿ ವಿನಂತಿ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಎಲ್ಲವೂ ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಲೆವುಕಾ
ದಿನಾಂಕ: 19 ಸೆಪ್ಟೆಂಬರ್ 1947
ಸಹಿ: ಕೆಲೆರಾ ತುಇಲೊಮಾ