ಬಾವಿಕಟ್ಟೆಯ ಮದರಂಗಿ

ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ಮಧ್ಯೆ ಬಾಯಿ ಹಾಕಬಾರದು. ಶಿರಿಯದಲ್ಲಿ ನಮ್ಮ ಮನೆಗೆ ತಾಗಿಯೇ ಫಾರಿಸನ ಮನೆ, ನಡುವೆ ಒಂದು ಬಾವಿ. ಇದು ಅವನಿಗೆ ಆದದ್ದು. ನಾನು ಪಕ್ಕದಲ್ಲೇ ಇದ್ದೆ.

ಫಾರಿಸ್ ಚಿತ್ರಕಲೆ ಕಲಿತವ. ಆದರೆ ಬಣ್ಣ ಮುಟ್ಟುವ ಜನ ಅಲ್ಲ. ಜೀವ ಇರುವ ಗಿಡದ ಎಲೆಗೆ ವಯರಿನ ಕ್ಲಿಪ್ ಸಿಕ್ಕಿಸುತ್ತಿದ್ದ. ಎಲೆಯೊಳಗೆ ಸಣ್ಣ ಕರೆಂಟು ಉಂಟಂತೆ. ಅದನ್ನು ಅವನದೊಂದು ಪೆಟ್ಟಿಗೆ ಸದ್ದು ಮಾಡಿ ಸ್ಪೀಕರಿಗೆ ಕಳಿಸುತ್ತದೆ. ಕೆಸುವಿನ ಎಲೆ ‘ಗುಂಯ್ಯ್’ ಅನ್ನುತ್ತಿತ್ತು. ಬಸಳೆ ‘ಪಿಚಿ ಪಿಚಿ’. “ಇದೂ ಒಂದು ಕಲೆಯಾ ಮಾರಾಯ?” ಅಂತ ನಾನು ತಮಾಷೆ ಮಾಡುತ್ತಿದ್ದೆ.

ಎರಡು ಸಾವಿರದ ಹದಿನೆಂಟನೇ ಇಸವಿ. ಮರುದಿನ ಕಾಸರಗೋಡಿನಲ್ಲಿ ಅವನ ಮೊದಲ ಪ್ರದರ್ಶನ. ಕಡೇ ಬಸ್ಸಿಳಿದು ಇಬ್ಬರೂ ನಡೆದು ಬಂದೆವು. ಬಾವಿಕಟ್ಟೆಯ ಹತ್ತಿರ ಅವನು ನಿಂತ. ಅಲ್ಲಿ ಒಂದು ಮದರಂಗಿ ಗಿಡ. ಅವನ ಅಜ್ಜಿ ಮರಿಯುಮ್ಮ ಬೇರೆ ಯಾವ ಗಿಡಕ್ಕೂ ಏನೂ ಅಂದವರಲ್ಲ, ಇದೊಂದನ್ನು ಮಾತ್ರ ಮುಟ್ಟಲು ಬಿಟ್ಟವರಲ್ಲ. ಯಾಕೆ ಅಂತ ಹೇಳಿದವರೂ ಅಲ್ಲ.

“ಅಜ್ಜಿ ಮಲಗಿದ್ದಾರೆ. ಸದ್ದು ಕೇಳಿ ನೋಡುವ. ಒಳ್ಳೆದಿದ್ರೆ ಬುಡ ಸಮೇತ ಕಿತ್ತು ಮಣ್ಣಿನ ಚಟ್ಟಿಗೆ ಹಾಕಿ ಪ್ರದರ್ಶನಕ್ಕೆ ಕೊಂಡುಹೋಗುವ,” ಪಿಸುಗುಟ್ಟಿದ.

“ಬೇಡ ಫಾರಿಸ್…”

“ಬೈಯುದಾದ್ರೆ ನಾಳೆ ಬೈಲಿ.”

ಚೀಲದಿಂದ ಪೆಟ್ಟಿಗೆ, ಸ್ಪೀಕರ್ ತೆಗೆದು ಎಲೆಗೆ ಕ್ಲಿಪ್ ಹಾಕಿದ. ಮೊದಲು ಎಂತದೂ ಇಲ್ಲ… ಆಮೇಲೆ… ಟಕ್-ಟಕ್… ಟಕ್. ಉಗುರಿನಿಂದ ಮರಕ್ಕೆ ಕುಟ್ಟಿದ ಸದ್ದು. ಟಕ್-ಟಕ್… ಟಕ್.

ಕಿರ್ರ್… ಬಾಗಿಲು. ಮರಿಯುಮ್ಮ ಬರಿಗಾಲಲ್ಲೇ ಬಂದರು. ಬಂದವರು ಕಟ್ಟೆಯ ಮೇಲೆ ಕುಸಿದು ಕೂತರು.

“ರಸೀನಾ…”

ರಸೀನಾ ಅಂದರೆ ಫಾರಿಸನ ಉಮ್ಮ, ಹೆತ್ತ ತಾಯಿ. ಅವನು ತೊಟ್ಟಿಲಲ್ಲಿರುವಾಗಲೇ ತೀರಿಹೋದವಳು. ಅವಳ ಸ್ವರ ಹೇಗಿತ್ತೆಂದು ಕೂಡ ಅವನಿಗೆ ಗೊತ್ತಿರಲಿಲ್ಲ, ಪಾಪ.

“ನಿನ್ನನ್ನು ಮಲಗಿಸುವಾಗ ತೊಟ್ಟಿಲಿಗೆ ಹೀಗೇ ಕುಟ್ತಿದ್ದಳು,” ಅಜ್ಜಿ ಅಂದರು. “ಅವಳ ಕಬರಿನ ತಲೆಯ ಹತ್ರ ಮದರಂಗಿ ನೆಟ್ಟಿದ್ರು. ನಾವು ಹೆಂಗಸರು ಅಲ್ಲಿಗೆ ಹೋಗುವ ಕ್ರಮ ಇಲ್ಲವಲ್ಲ… ಅದರದ್ದೇ ಒಂದು ಗೆಲ್ಲು ತರಿಸಿ ಇಲ್ಲಿ ನೆಟ್ಟೆ. ತೆಗಿ ಮೋನೇ… ಆ ವಯರ್ ತೆಗಿ.”

ಫಾರಿಸ್ ಕ್ಲಿಪ್ ಕಿತ್ತ. ಪೆಟ್ಟಿಗೆಯ ಬ್ಯಾಟರಿಯನ್ನೂ ಕಿತ್ತು ನನ್ನ ಕೈಗೆ ಕೊಟ್ಟ.

ಟಕ್-ಟಕ್… ಟಕ್.

ಬ್ಯಾಟರಿ ನನ್ನ ಅಂಗೈಯಲ್ಲಿ ಇತ್ತು. ನಾನು ಹೆದರಿ ಎರಡು ಹೆಜ್ಜೆ ಹಿಂದೆ ಸರಿದೆ. ಫಾರಿಸ್ ಮಾತ್ರ ಹೆದರಲಿಲ್ಲ. ಕೂತ, ಅಜ್ಜಿಯ ಮಡಿಲಲ್ಲಿ ತಲೆಯಿಟ್ಟ, ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಅಳು ನಿಂತಿತು. ಉಸಿರು ಭಾರವಾಯಿತು. ಟಕ್-ಟಕ್… … ಟಕ್… ಸದ್ದೂ ನಿಧಾನವಾಗಿ ನಿಂತಿತು.

“ನಿದ್ದೆ ಬಂತು ಅವನಿಗೆ. ನೀನೂ ಮಲಗು,” ಅಜ್ಜಿ ಹೇಳಿದರು. ನನಗಲ್ಲ. ಗಿಡಕ್ಕೆ.

ಮದರಂಗಿ ಪ್ರದರ್ಶನಕ್ಕೆ ಹೋಗಲಿಲ್ಲ. ಈಗಲೂ ಅಲ್ಲೇ ಉಂಟು. ಬೆಳಿಗ್ಗೆ ಎದ್ದಾಗ ಫಾರಿಸನ ಒಂದೇ ಒಂದು ಉಗುರು ಕೆಂಪಾಗಿತ್ತು, ಹಬ್ಬಕ್ಕೆ ಮಗುವಿನ ಕೈಗೆ ಒಂದು ಬೊಟ್ಟು ಇಟ್ಟ ಹಾಗೆ. ಆ ಮನೆಯಲ್ಲಿ ಯಾರೂ ಮದರಂಗಿ ಅರೆದಿರಲಿಲ್ಲ. ಉಗುರು ಬೆಳೆಯುತ್ತದೆ, ಅವನು ಕತ್ತರಿಸುತ್ತಾನೆ, ಮತ್ತೆ ಬರುವುದೂ ಕೆಂಪೇ. ಮೊನ್ನೆ ನಾಯ್ಮಾರ್ಮೂಲೆಯಲ್ಲಿ ಚಹಾ ಕುಡಿಯುವಾಗ ನಾನೇ ಪುನಃ ನೋಡಿದೆ.

ಸುಳ್ಳು ಅಂತಾದರೆ ಹೋಗಿ ನೋಡಿ ಬನ್ನಿ. ಎಡಗೈಯ ಕಿರುಬೆರಳು.